ಬರ್ಕ್ಲಿಯ ಬೀದಿಯೊಂದರ ಹೆಸರು

ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದಿಂದಲೇ ಹೆಸರಾದ ಊರು. 2020ರಲ್ಲಿ ಅಲ್ಲಿನ ನಗರಸಭೆ ಎರಡು ವಿಷಯಗಳನ್ನು ಚರ್ಚಿಸಿತು. ಜಾರ್ಜ್ ಫ್ಲಾಯ್ಡ್ ಹತ್ಯೆಯ ಬಳಿಕ ದೇಶವೆಲ್ಲ ಕುದಿಯುತ್ತಿದ್ದ ಆ ಜುಲೈನಲ್ಲಿ, ಸಂಚಾರ ನಿಯಮಗಳ ಜಾರಿಯನ್ನು ಪೊಲೀಸರಿಂದ ಬಿಡಿಸಿ ನಿರಾಯುಧ ಸಿಬ್ಬಂದಿಗೆ ವಹಿಸುವ ಪ್ರಸ್ತಾವಕ್ಕೆ ತಾತ್ವಿಕ ಸಮ್ಮತಿ ದೊರೆಯಿತು. ಸೆಪ್ಟೆಂಬರಿನಲ್ಲಿ, ವಿಶ್ವವಿದ್ಯಾನಿಲಯದ ಆವರಣಕ್ಕೆ ಕೂಗಳತೆಯಲ್ಲಿರುವ ಶಾಟಕ್ ಅವೆನ್ಯೂವಿನ ಒಂದು ತುಂಡಿಗೆ ಹೊಸ ಹೆಸರಿಡಲು ನಿರ್ಣಯವಾಯಿತು. ಮೊದಲನೆಯದು ಸುರಕ್ಷತೆಯ ಪ್ರಶ್ನೆ, ಎರಡನೆಯದು ಬರೀ ನಾಮಫಲಕದ ಪ್ರಶ್ನೆ ಎಂದು ತೋರಬಹುದು. ಆದರೆ ಆ ಫಲಕದ ಮೇಲೆ ಬಂದ ಹೆಸರು ಕಲಾ ಬಗಾಯಿ ಅವರದು. ಅವರ ಬದುಕನ್ನು ಬಲ್ಲವರಿಗೆ ಇವೆರಡನ್ನೂ ಬೇರ್ಪಡಿಸುವುದು ಸುಲಭವಲ್ಲ.

ಅಮೃತಸರದಲ್ಲಿ ಹುಟ್ಟಿದ ಕಲಾ ಅವರಿಗೆ ಹನ್ನೊಂದರ ವಯಸ್ಸಿನಲ್ಲೇ ಮದುವೆಯಾಯಿತು. ಪತಿ ವೈಷ್ಣೋದಾಸ್ ಬಗಾಯಿ ಪೇಶಾವರದ ಸ್ಥಿತಿವಂತ ಮನೆತನದವರು, ಗದರ್ ಚಳವಳಿಯತ್ತ ಒಲಿದವರು. ಬ್ರಿಟಿಷರ ಆಳ್ವಿಕೆಯಲ್ಲಿ ಮಕ್ಕಳನ್ನು ಬೆಳೆಸಲಾರೆನೆಂದು ನಿಶ್ಚಯಿಸಿದ ಅವರು ಹೆಂಡತಿಯನ್ನೂ ಮೂವರು ಗಂಡುಮಕ್ಕಳನ್ನೂ ಕರೆದುಕೊಂಡು 1915ರ ಸೆಪ್ಟೆಂಬರಿನಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಏಂಜೆಲ್ ದ್ವೀಪದಲ್ಲಿ ಇಳಿದರು. ಭಾರತೀಯ ಹೆಂಗಸರು ಅಲ್ಲಿ ಅಪರೂಪವಾಗಿದ್ದ ಕಾಲ ಅದು. ಕಲಾ ಅವರ ಮೂಗುತಿ ಆ ಊರಿನ ಪತ್ರಿಕೆಗೆ ಸುದ್ದಿಯಾಯಿತು. ನಮ್ಮ ಮನೆಗಳಲ್ಲಿ ಯಾರೂ ತಿರುಗಿ ನೋಡದ ಒಡವೆ ಅಲ್ಲಿ ವಾರ್ತೆ!

ವೈಷ್ಣೋದಾಸರು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅಂಗಡಿ ತೆರೆದರು. ಬರ್ಕ್ಲಿಯಲ್ಲಿ ಮನೆ ಕೊಂಡರು. ಸಾಮಾನು ಸರಂಜಾಮನ್ನೆಲ್ಲ ವಾಹನಕ್ಕೆ ಹೇರಿಕೊಂಡು ಹೊಸ ಮನೆಯ ಮುಂದೆ ಬಂದಾಗ ನೆರೆಹೊರೆಯವರು ಅದಕ್ಕೆ ಬೀಗ ಜಡಿದಿದ್ದರು. ಹಣ ತೆತ್ತ ಮನೆ, ಆದರೂ ಒಳಗೆ ಕಾಲಿಡುವಂತಿಲ್ಲ. ಇಂಥ ನೆರೆಯಲ್ಲಿ ತನ್ನ ಮಕ್ಕಳಿಗೆ ಕೇಡಾದೀತು, ಇಲ್ಲಿ ಬಾಳುವುದು ಬೇಡ ಎಂದು ಕಲಾ ಪತಿಗೆ ಹೇಳಿದರು. ಹೇರಿದ ಸಾಮಾನು ಇಳಿಯಲೇ ಇಲ್ಲ. ಕುಟುಂಬ ಬಂದ ದಾರಿಯಲ್ಲಿಯೇ ಮರಳಿತು. ಆ ಹೊತ್ತಿನಲ್ಲಿ ಸುರಕ್ಷತೆಯ ಪ್ರಶ್ನೆ ಎದ್ದಿದ್ದು ಕಳ್ಳಕಾಕರಿಂದಲ್ಲ, ಮರ್ಯಾದಸ್ಥರೆನಿಸಿಕೊಂಡ ಅಕ್ಕಪಕ್ಕದವರಿಂದ.

ವೈಷ್ಣೋದಾಸರಿಗೆ ಅಮೆರಿಕದ ಮೇಲಿನ ನಂಬಿಕೆ ಅದರಿಂದ ಅಳಿಯಲಿಲ್ಲ. ಅಲ್ಲಿನ ಉಡುಪು, ನಡೆನುಡಿಗಳನ್ನು ಮೈಗೂಡಿಸಿಕೊಂಡು 1921ರಲ್ಲಿ ಪೌರತ್ವ ಪಡೆದರು. ಎರಡೇ ವರ್ಷಕ್ಕೆ ಆ ನೆಲ ಕುಸಿಯಿತು. 1923ರ ಫೆಬ್ರವರಿಯಲ್ಲಿ ಭಗತ್ ಸಿಂಗ್ ಥಿಂಡ್ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರರಾಗಲು ಅರ್ಹರಲ್ಲ ಎಂದು ತೀರ್ಪಿತ್ತಿತು. ಆಗಲೇ ಕೊಟ್ಟಿದ್ದ ಪೌರತ್ವವನ್ನೂ ಸರ್ಕಾರ ಕಿತ್ತುಕೊಳ್ಳತೊಡಗಿತು. ಪೌರರಾಗಲು ಅರ್ಹರಲ್ಲದವರು ಭೂಮಿ ಹೊಂದುವುದನ್ನು ನಿಷೇಧಿಸುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ ಮೊದಲೇ ಇತ್ತು. ಹೀಗಾಗಿ ಪೌರತ್ವದೊಂದಿಗೆ ಆಸ್ತಿಯೂ ಹೋಯಿತು. ತಾಯ್ನಾಡಿನ ಬಂಧುಗಳನ್ನು ಕಂಡುಬರಲು ಅಮೆರಿಕದ ಪಾಸ್‌ಪೋರ್ಟ್ ನಿರಾಕರಿಸಲಾಯಿತು. ಬ್ರಿಟಿಷ್ ಪ್ರಜೆಯಾಗಿ ಹೋಗಬಹುದೆಂಬ ಸಲಹೆ ಬಂದಿತು. ಯಾವ ಆಳ್ವಿಕೆಯನ್ನು ತೊರೆದು ಬಂದಿದ್ದರೋ ಅದರ ಕಾಗದವನ್ನೇ ಹಿಡಿದು ಹೋಗಬೇಕಿತ್ತು. 1928ರ ಮಾರ್ಚ್‌ನಲ್ಲಿ ವೈಷ್ಣೋದಾಸರು ಆತ್ಮಹತ್ಯೆ ಮಾಡಿಕೊಂಡರು. ಮನೆಯವರಿಗೆ ಬರೆದಿಟ್ಟ ಪತ್ರಗಳೊಂದಿಗೆ, ತಮಗಾದ ಅನ್ಯಾಯವನ್ನು ಲೋಕಕ್ಕೆ ತಿಳಿಸುವ ಪತ್ರವೊಂದನ್ನು ವೃತ್ತಪತ್ರಿಕೆಗೂ ಬಿಟ್ಟುಹೋಗಿದ್ದರು.

ಇಂಥ ಕಥೆಗಳು ಸಾಮಾನ್ಯವಾಗಿ ಗಂಡನ ಸಾವಿನೊಡನೆ ಮುಗಿದುಬಿಡುತ್ತವೆ. ಹೆಂಡತಿ ಒಂದು ಸಾಲಿನ ಉಲ್ಲೇಖವಾಗಿ ಉಳಿಯುತ್ತಾಳೆ. ಕಲಾ ಅವರ ಬದುಕಿನ ಅರ್ಧಕ್ಕಿಂತ ಹೆಚ್ಚಿನ ಪಾಲು ಉಳಿದಿದ್ದುದು ಆ ನಂತರವೇ. ಪರದೇಶ, ಮೂವರು ಮಕ್ಕಳು, ಅರೆಬರೆ ಭಾಷೆ. ಅವರು ರಾತ್ರಿ ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು, ಕೈಯಲ್ಲಿದ್ದ ಹಣವನ್ನು ಜಾಣ್ಮೆಯಿಂದ ತೊಡಗಿಸಿದರು, ಮಕ್ಕಳನ್ನು ಕಾಲೇಜಿನವರೆಗೆ ಓದಿಸಿದರು. ಪತಿಯ ಸ್ನೇಹಿತರಾಗಿದ್ದ ಮಹೇಶ್ ಚಂದ್ರ ಅವರನ್ನು 1934ರಲ್ಲಿ ಮದುವೆಯಾದರು. ಸಂಪ್ರದಾಯಸ್ಥ ಪಂಜಾಬಿ ಮನೆತನದ ವಿಧವೆ ಆ ಕಾಲದಲ್ಲಿ ಮರುಮದುವೆಯಾದದ್ದು ಸಣ್ಣ ಮಾತಲ್ಲ. 1946ರ ಕಾನೂನು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆದ ಬಳಿಕ ಅವರೂ ಅಮೆರಿಕದ ಪ್ರಜೆಯಾದರು. ಮುಂದೆ ಲಾಸ್ ಏಂಜಲೀಸ್‌ನಲ್ಲಿ ಅವರ ಮನೆ ಹೊಸದಾಗಿ ಬಂದಿಳಿದ ಭಾರತೀಯರಿಗೆ ತೆರೆದೇ ಇರುತ್ತಿತ್ತು. ಊಟೋಪಚಾರ, ಕಲಾಪ್ರದರ್ಶನ, ದೇಣಿಗೆ ಸಂಗ್ರಹಗಳ ನಡುವೆ ಅವರು ಅಲ್ಲಿನವರ ಬಾಯಲ್ಲಿ ಮದರ್ ಇಂಡಿಯಾ ಆದರು. ಬೀಗ ಹಾಕಿದ ಮನೆಯ ಮುಂದೆ ನಿಂತು ಮರಳಿದವರು ತಮ್ಮ ಮನೆಗೆ ಬೀಗ ಹಾಕಲಿಲ್ಲ. 1983ರಲ್ಲಿ ತೀರಿಕೊಂಡರು.

ಬರ್ಕ್ಲಿಯ ಬೀದಿಗೆ ಹೊಸ ಹೆಸರು ಬೇಕಾದುದಕ್ಕೆ ಕಾರಣ ತೀರ ಲೌಕಿಕ. ಶಾಟಕ್ ಅವೆನ್ಯೂ ಪೇಟೆಯ ನಡುವೆ ಎರಡು ಕವಲಾಗಿ ಸಾಗುತ್ತದೆ. ಸಂಚಾರ ವ್ಯವಸ್ಥೆಯನ್ನು ಬದಲಿಸಿದಾಗ ಪೂರ್ವದ ಕವಲಿಗೆ ಪ್ರತ್ಯೇಕ ಹೆಸರು ಅಗತ್ಯವಾಯಿತು. ನಗರಸಭೆ ಸಾರ್ವಜನಿಕರಿಂದ ಸಲಹೆ ಕೇಳಿತು, ಸಮಿತಿಯೊಂದು ಅವುಗಳನ್ನು ಪರಿಶೀಲಿಸಿತು. ಭಾರತೀಯ ಮೂಲದ ನಾಗರಿಕರು ಕಲಾ ಅವರ ಹೆಸರಿಗಾಗಿ ಸಹಿ ಸಂಗ್ರಹಿಸಿ, ಸಭೆಗಳಲ್ಲಿ ವಾದಿಸಿದರು. ಕುಟುಂಬದವರೂ ಬೆಂಬಲಕ್ಕೆ ನಿಂತರು. ನಮ್ಮಲ್ಲಿ ರಸ್ತೆಗೆ ಹೆಸರಿಡುವಾಗ ಆ ವ್ಯಕ್ತಿಗೂ ಆ ಬೀದಿಗೂ ಏನು ಸಂಬಂಧವೆಂದು ಕೇಳುವ ವಾಡಿಕೆ ಕಡಿಮೆ. ಅಲ್ಲಿ ಸಂಬಂಧವೇ ವಾದದ ತಿರುಳಾಗಿತ್ತು: ಅವರು ಈ ಊರಿನಲ್ಲಿ ಬಾಳಬೇಕಾಗಿತ್ತು, ಬಾಳಲು ಬಿಡಲಿಲ್ಲ.

ಕೇವಲ ಎರಡು ಅಡ್ಡರಸ್ತೆಗಳ ಉದ್ದದ ಕಲಾ ಬಗಾಯಿ ವೇಯಲ್ಲಿ 2021ರಲ್ಲಿ ಫಲಕ ಏರಿತು. ಪಕ್ಕದಲ್ಲೇ ರೈಲು ನಿಲ್ದಾಣ. ಅಲ್ಲಿ ಇಳಿದು ತರಗತಿಗಳತ್ತ ಹೊರಡುವ ವಿದ್ಯಾರ್ಥಿಗಳಲ್ಲಿ ಭಾರತದಿಂದ ಹೋದವರೂ ಇರುತ್ತಾರೆ. ಹಲವರ ಕೈಯಲ್ಲಿ ಇನ್ನೂ ತಾತ್ಕಾಲಿಕ ವೀಸಾ.