ಅಂಗಳಕ್ಕೆ ಬಂದ ಶಾಲೆ

ರಾಯಚೂರು ಜಿಲ್ಲೆಯ ಸಿಂಧನೂರು ಸೀಮೆಯಲ್ಲಿ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ನಾಟಿ ಆರಂಭವಾಯಿತೆಂದರೆ, ಕೂಲಿಗೆ ಹೋಗುವ ತಾಯಂದಿರು ಬೆಳಗಾಗುವ ಹೊತ್ತಿಗೇ ಮನೆ ಬಿಡಬೇಕಾಗುತ್ತದೆ. ಆಗ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಮನೆ ಕಾಯುವ ಕೆಲಸ ಹಿರಿಯ ಮಗಳ ಪಾಲಿಗೆ ಬರುತ್ತಿತ್ತು; ಎಷ್ಟೋ ಹುಡುಗಿಯರ ಓದು ಅಲ್ಲಿಗೇ ನಿಲ್ಲುತ್ತಿತ್ತು. ನೆರೆಯ ಲಿಂಗಸುಗೂರು, ಮಸ್ಕಿಗಳ ಬೆದ್ದಲು ಹೊಲಗಳ ಕಡೆಯೂ ಈ ಕಷ್ಟ ಹೊಸದಲ್ಲ. ಈಗ ಆ ಊರುಗಳಲ್ಲಿ ಕೂಸುಗಳ ಹೊಣೆಯನ್ನು ಸ್ವಲ್ಪಮಟ್ಟಿಗಾದರೂ ಹೊರುವ ಒಂದು ಮನೆಯಿದೆ. ಅದರ ಹೆಸರು ಅಂಗನವಾಡಿ. ಈ ಹೆಸರು ಯಾವುದೋ ಕಚೇರಿಯ ಕಡತದಲ್ಲಿ ಹುಟ್ಟಿದುದಲ್ಲ. ದೂರದ ಕಡಲತೀರದ ಹಳ್ಳಿಯೊಂದರಲ್ಲಿ, ಬಡವರ ಗುಡಿಸಲುಗಳ ಮುಂದೆ, ತಾರಾಬಾಯಿ ಮೋಡಕ್ ಎಂಬ ಮಹಿಳೆಯ ಪ್ರಯತ್ನದಿಂದ ಹುಟ್ಟಿದುದು.

ತಾರಾಬಾಯಿಯವರು 1892ರ ಏಪ್ರಿಲ್ 19ರಂದು ಮುಂಬಯಿಯಲ್ಲಿ ಜನಿಸಿದರು. ತಂದೆ ಸದಾಶಿವ ಕೇಳ್ಕರ್ ಪ್ರಾರ್ಥನಾ ಸಮಾಜದ ಸುಧಾರಕರು. ವಿಧವಾ ವಿವಾಹವನ್ನು ಮಹಾಪರಾಧವೆಂದು ಜನರು ಎಣಿಸುತ್ತಿದ್ದ ಕಾಲದಲ್ಲಿ ಅವರು ವಿಧವೆಯೊಬ್ಬರ ಕೈಹಿಡಿದಿದ್ದರು. ಅಂಥ ಮನೆಯಲ್ಲಿ ಬೆಳೆದ ತಾರಾಬಾಯಿ 1914ರಲ್ಲಿ ಪದವೀಧರೆಯಾದರು. ಅಮರಾವತಿಯ ವಕೀಲರೊಬ್ಬರೊಡನೆ ಆದ ವಿವಾಹ ಬಹುಕಾಲ ಬಾಳಲಿಲ್ಲ. ಎಳೆಯ ಮಗಳನ್ನು ಕರೆದುಕೊಂಡು ಅವರು ಸೌರಾಷ್ಟ್ರದ ರಾಜಕೋಟೆಗೆ ಹೋಗಿ, ಅಲ್ಲಿಯ ಅಧ್ಯಾಪಕಿಯರ ತರಬೇತಿ ಕಾಲೇಜಿನ ಪ್ರಾಂಶುಪಾಲರಾದರು. ಸಂಬಳ, ಗೌರವ ಎರಡೂ ಇದ್ದ ಹುದ್ದೆ ಅದು.

ಆ ಹುದ್ದೆಯನ್ನು ಅವರು ಬಿಟ್ಟುಕೊಟ್ಟರು. ಕಾರಣ, ಭಾವನಗರದಲ್ಲಿ ಗಿಜುಭಾಯಿ ಬಧೇಕಾ ನಡೆಸುತ್ತಿದ್ದ ಬಾಲಮಂದಿರ. ವಕೀಲಿಯನ್ನು ತೊರೆದು ಮಕ್ಕಳ ಸೇವೆಗೆ ನಿಂತ ಈ ಗಿಜುಭಾಯಿಯವರನ್ನು ಗುಜರಾತಿನ ಜನ ಮೀಸೆಯುಳ್ಳ ತಾಯಿ ಎಂದೇ ಪ್ರೀತಿಯಿಂದ ಕರೆಯುತ್ತಿದ್ದರು. ಇಟಲಿಯ ಮಾರಿಯಾ ಮಾಂಟೆಸೊರಿಯವರ ವಿಚಾರಗಳನ್ನು ಓದಿ, 1920ರಲ್ಲಿ ಅವರು ಬಾಲಮಂದಿರವನ್ನು ತೆರೆದಿದ್ದರು. ಅಲ್ಲಿ ಬೆತ್ತವಿಲ್ಲ, ಬಾಯಿಪಾಠವಿಲ್ಲ. ಮಗು ತನ್ನ ಕೈಯಿಂದಲೇ ಮುಟ್ಟಿ, ಜೋಡಿಸಿ, ಹಾಡಿ, ಆಡಿ ಕಲಿಯುತ್ತಿತ್ತು. 1923ರಲ್ಲಿ ತಾರಾಬಾಯಿ ಅಲ್ಲಿಗೆ ಬಂದು ಸೇರಿದರು. ಬಾಲಮಂದಿರ ಎಷ್ಟೇ ಚೆನ್ನಾಗಿ ನಡೆದರೂ ಅದು ಒಂದೇ ಊರಿನ ಕೆಲವೇ ಮಕ್ಕಳ ಭಾಗ್ಯ. ಅದನ್ನು ಬೇರೆ ಊರುಗಳಿಗೆ ಒಯ್ಯಬಲ್ಲ ಶಿಕ್ಷಕರಾದರೂ ಎಲ್ಲಿದ್ದರು? ಅಂಥವರನ್ನು ಸಿದ್ಧಗೊಳಿಸಲೆಂದು 1925ರಲ್ಲಿ ಅಧ್ಯಾಪನ ಮಂದಿರ ಆರಂಭವಾಯಿತು. ಮರುವರ್ಷ ನೂತನ ಬಾಲ ಶಿಕ್ಷಣ ಸಂಘ ಸ್ಥಾಪನೆಯಾಯಿತು. ಸಂಘದ ಪತ್ರಿಕೆಯ ಸಂಪಾದನೆ, ಶಿಕ್ಷಕರ ತರಬೇತಿ, ಪ್ರವಾಸ ಇವೆಲ್ಲವುಗಳಲ್ಲಿ ತಾರಾಬಾಯಿ ಗಿಜುಭಾಯಿಯವರಿಗೆ ಹೆಗಲೆಣೆಯಾಗಿ ನಿಂತರು.

ಮುಂದೆ ಮುಂಬಯಿಗೆ ಮರಳಿದ ಅವರು 1936ರಲ್ಲಿ ದಾದರಿನಲ್ಲಿ ಶಿಶುವಿಹಾರವನ್ನು ತೆರೆದರು. ಅದರ ಜೊತೆಯಲ್ಲೇ ಶಿಕ್ಷಕಿಯರ ತರಬೇತಿಯನ್ನೂ ನಡೆಸಿದರು. ಸಂಸ್ಥೆ ಹೆಸರಾಯಿತು. ಆದರೆ ಅಲ್ಲಿಗೆ ಬರುತ್ತಿದ್ದವರು ಹೆಚ್ಚಾಗಿ ಅನುಕೂಲಸ್ಥರ ಮಕ್ಕಳು. ಮಾಂಟೆಸೊರಿ ಸಾಧನಗಳ ಬೆಲೆಯನ್ನು ತೆರಲು ಹಳ್ಳಿಗಳಿಗೆ ಸಾಧ್ಯವಿರಲಿಲ್ಲ. ವಿದ್ಯೆ ಹಳ್ಳಿಯನ್ನು ಮುಟ್ಟಬೇಕೆಂಬ ಗಾಂಧೀಜಿಯವರ ವಿಚಾರವೂ ಅವರ ಮನಸ್ಸಿನಲ್ಲಿ ಕೆಲಸ ಮಾಡುತ್ತಿತ್ತು. 1945ರ ಡಿಸೆಂಬರಿನಲ್ಲಿ, ಐವತ್ಮೂರನೆಯ ವಯಸ್ಸಿನಲ್ಲಿ, ಅವರು ನಗರದ ನೆಮ್ಮದಿಯನ್ನು ಬಿಟ್ಟು ಅರಬ್ಬೀ ಸಮುದ್ರದ ದಡದ ಬೋರ್ಡಿ ಗ್ರಾಮದಲ್ಲಿ ಗ್ರಾಮ ಬಾಲ ಶಿಕ್ಷಾ ಕೇಂದ್ರವನ್ನು ಸ್ಥಾಪಿಸಿದರು. ಬಾಲವಿಧವೆಯಾಗಿಯೂ ಧೃತಿಗೆಡದೆ ಓದಿ ಶಿಕ್ಷಕಿಯಾಗಿದ್ದ ಅನುತಾಯಿ ವಾಘ್ ಅಲ್ಲಿ ಅವರ ಜೊತೆಗೂಡಿದರು.

ಬಾಲವಾಡಿ ಸಿದ್ಧವಾಯಿತು, ಆದರೆ ಯಾರಿಗಾಗಿ ಅದನ್ನು ತೆರೆದಿದ್ದರೋ ಆ ಮಕ್ಕಳೇ ಬರಲಿಲ್ಲ. ದಲಿತರ ಕೇರಿಯಿಂದ ಊರೊಳಗಿನ ಶಾಲೆಗೆ ಬರಲು ಸಂಕೋಚ, ಭಯ. ತಂದೆತಾಯಿಗಳಿಗೆ ದಿನದ ದುಡಿಮೆಯ ಚಿಂತೆ. ಕರೆದರೂ ಬಾರದ ಮಕ್ಕಳನ್ನು ದೂರಿ ಸುಮ್ಮನಾಗುವುದು ಸುಲಭವಾಗಿತ್ತು. ತಾರಾಬಾಯಿ ಹಾಗೆ ಮಾಡದೆ ಶಾಲೆಯನ್ನೇ ಕೇರಿಗೆ ಕೊಂಡೊಯ್ದರು. ಗುಡಿಸಲಿನ ಮುಂದಿನ ಅಂಗಳವೇ ತರಗತಿಯಾಯಿತು. ಶಿಕ್ಷಕಿಯರು ಮೊದಲು ಮಕ್ಕಳ ಕೈಕಾಲು ತೊಳೆದು, ಉಗುರು ಕತ್ತರಿಸಿ, ತಲೆ ಬಾಚುತ್ತಿದ್ದರು. ಬಳಿಕ ಹಾಡು, ಕಥೆ, ಆಟ. ಕಪ್ಪೆಚಿಪ್ಪು, ಬೆಣಚುಕಲ್ಲು, ಬೀಜ, ಎಲೆ, ಜೇಡಿಮಣ್ಣುಗಳೇ ಎಣಿಕೆಯನ್ನೂ ಬಣ್ಣ, ಆಕಾರಗಳನ್ನೂ ಕಲಿಸುವ ಸಾಧನಗಳಾದವು. ಮರಾಠಿಯಲ್ಲಿ ಅಂಗಳಕ್ಕೆ ಅಂಗಣ ಎನ್ನುತ್ತಾರೆ. ಅಂಗಣದ ಬಾಲವಾಡಿಯೇ ಅಂಗನವಾಡಿ.

1957ರಲ್ಲಿ ಕೇಂದ್ರವು ಸಮೀಪದ ಕೋಸಬಾಡ ಗುಡ್ಡಕ್ಕೆ ಸ್ಥಳಾಂತರವಾಯಿತು. ಅಲ್ಲಿ ವಾರಲಿ ಆದಿವಾಸಿಗಳ ವಾಸ. ದನ ಮೇಯಿಸಲು ಹೋಗುವ ಹುಡುಗರ ಬೆನ್ನುಹತ್ತಿ ಶಿಕ್ಷಕರು ಹುಲ್ಲುಗಾವಲಿಗೇ ನಡೆದರು. ತಮ್ಮ ತಂಗಿಯರನ್ನು ಕಾಯಬೇಕಾಗಿದ್ದ ಮಕ್ಕಳಿಗಾಗಿ ಶಿಶುಪಾಲನಾ ಗೃಹ, ಬಾಲವಾಡಿ, ಪ್ರಾಥಮಿಕ ಶಾಲೆ ಮೂರನ್ನೂ ಒಂದೆಡೆ ಸೇರಿಸಿದ ವಿಕಾಸವಾಡಿ ರೂಪುಗೊಂಡಿತು. ಅಕ್ಕನೂ ಕಂಕುಳ ಕೂಸೂ ಒಟ್ಟಿಗೆ ಬರಬಹುದಾದ ಶಾಲೆ ಅದು. ಸಿಂಧನೂರಿನ ನಾಟಿಯ ಗದ್ದೆಗೆ ಹೋಗುವ ತಾಯಿ ಬಯಸುವುದೂ ಇಂಥದನ್ನೇ ಅಲ್ಲವೆ? ಇಂತಹ ಕೆಲಸಕ್ಕೆ ಪಟ್ಟಣದಿಂದ ಬಂದುಹೋಗುವವರು ಸಾಲದು, ಹಳ್ಳಿಯ ಬದುಕನ್ನು ಬಲ್ಲ ಹೆಣ್ಣುಮಕ್ಕಳೇ ಬೇಕೆಂದು ಅನುಭವ ತಿಳಿಸಿತು. ಅಂಥವರಿಗೆ ತರಬೇತಿ ಕೊಡುವುದು ಕೇಂದ್ರದ ಮುಖ್ಯ ಕಾರ್ಯಗಳಲ್ಲೊಂದಾಯಿತು.

1962ರಲ್ಲಿ ಭಾರತ ಸರ್ಕಾರ ತಾರಾಬಾಯಿಯವರಿಗೆ ಪದ್ಮಭೂಷಣ ಪ್ರಶಸ್ತಿಯನ್ನಿತ್ತು ಗೌರವಿಸಿತು. 1973ರ ಆಗಸ್ಟ್ 31ರಂದು ಅವರು ನಿಧನರಾದರು. ಎರಡು ವರ್ಷಗಳ ತರುವಾಯ, 1975ರ ಅಕ್ಟೋಬರ್ 2ರಂದು, ಸಮಗ್ರ ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆಗಳಲ್ಲಿ ಪ್ರಾರಂಭವಾಯಿತು. ಕರ್ನಾಟಕದಲ್ಲಿ ಅದಕ್ಕೆ ಮೊದಲು ಆಯ್ಕೆಯಾದುದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಕ್ರಮೇಣ ಅದು ರಾಯಚೂರಿನ ಹಳ್ಳಿಗಳನ್ನೂ ತಲುಪಿತು. ಸ್ಥಳೀಯ ಮಹಿಳೆಯೇ ಕಾರ್ಯಕರ್ತೆಯಾಗಬೇಕು, ಆಕೆಗೆ ತರಬೇತಿ ದೊರೆಯಬೇಕು ಎಂಬ ನಿಯಮವೂ ಯೋಜನೆಯಲ್ಲಿ ಸೇರಿತು. ಆದರೂ ಹೆಸರು ಹರಡಿದಷ್ಟು ಸುಲಭವಾಗಿ ಪದ್ಧತಿ ಹರಡಿತೆಂದು ಹೇಳಲಾಗದು. ಆಹಾರ ವಿತರಣೆ, ದಾಖಲೆಗಳ ಭರ್ತಿ ಇವುಗಳ ನಡುವೆ ಹಾಡು, ಆಟಗಳಿಗೆ ಸಿಗುವ ಸಮಯ ಎಷ್ಟೋ ಕಡೆ ಕಡಿಮೆಯೇ.

ಅನುತಾಯಿ ವಾಘ್ ಮಾತ್ರ ಕೋಸಬಾಡವನ್ನು ಬಿಡಲಿಲ್ಲ. ಗುರುವಿನ ಮರಣಾನಂತರ ಸುಮಾರು ಎರಡು ದಶಕಗಳ ಕಾಲ, 1992ರಲ್ಲಿ ತಾವು ತೀರಿಕೊಳ್ಳುವವರೆಗೂ, ಆ ಗುಡ್ಡದ ಮೇಲೆ ಮಕ್ಕಳಿಗಾಗಿಯೂ ಅವರಿಗೆ ಕಲಿಸುವವರಿಗಾಗಿಯೂ ದುಡಿದರು.