‘ಕೂದಲು ಬೆಳೆಸುವ’ ಡಬ್ಬಿಯಲ್ಲಿ ನಿಜಕ್ಕೂ ಏನಿತ್ತು? ಮೇಡಮ್ ಸಿ.ಜೆ. ವಾಕರ್ ಅವರ ಬದುಕು ಮತ್ತು ನಮ್ಮ ಶಾಂಪೂ ಆಯ್ಕೆ

ಎಡಗಡೆ ಅಲ್ಲಲ್ಲಿ ಬೋಳಾದ ತಲೆ. ಬಲಗಡೆ ಸೊಂಟದವರೆಗೆ ಇಳಿದ ಜಡೆ. ನಡುವೆ ಒಂದು ಎಣ್ಣೆ ಬಾಟಲಿ. ಈ ಬಗೆಯ ಫೋಟೋ ನಿಮ್ಮ ಮನೆಯವರ ವಾಟ್ಸಾಪ್ ಗುಂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಒಣ ಕೂದಲಾಗಲಿ, ಜಿಡ್ಡು ಕೂದಲಾಗಲಿ, ಎಲ್ಲರಿಗೂ ಇದೊಂದೇ ಸಾಕು ಎಂಬ ಭರವಸೆ ಅದರ ಕೆಳಗೆ ಇರುತ್ತದೆ.

ಹೀಗೆ ‘ಮೊದಲು’ ಮತ್ತು ‘ಆಮೇಲೆ’ ಎಂದು ಫೋಟೋ ತೋರಿಸಿ ಮಾರುವುದು ಮೊಬೈಲ್ ಬಂದ ಮೇಲೆ ಶುರುವಾದದ್ದಲ್ಲ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಮೇಡಮ್ ಸಿ.ಜೆ. ವಾಕರ್ ಎಂಬ ಮಹಿಳೆ ತಮ್ಮದೇ ಫೋಟೋಗಳನ್ನು ಜಾಹೀರಾತಿನಲ್ಲಿ ಹಾಕಿ ‘ವಂಡರ್‌ಫುಲ್ ಹೇರ್ ಗ್ರೋವರ್’ ಎಂಬ ಮುಲಾಮು ಮಾರಿದರು. ಉದುರಿದ್ದ ಅವರ ಕೂದಲು ಮತ್ತೆ ಬಂದದ್ದು ಸುಳ್ಳಲ್ಲ. ಆದರೆ ಅದು ಬಂದದ್ದು ಡಬ್ಬಿಯ ಹೆಸರು ಹೇಳುವ ಕಾರಣಕ್ಕಲ್ಲ. ಹಾಗಾದರೆ ಯಾವ ಕಾರಣಕ್ಕೆ? ಅದನ್ನು ತಿಳಿದುಕೊಂಡರೆ ಅಂಗಡಿಯಲ್ಲಿ ನಮಗೆ ಹೊಂದುವ ಶಾಂಪೂ ಆರಿಸುವುದೂ ಸುಲಭವಾಗುತ್ತದೆ. ಮೊದಲು ಅವರ ಬದುಕನ್ನು ನೋಡೋಣ.

ಹತ್ತಿ ಹೊಲದಲ್ಲಿ ಹುಟ್ಟಿದ ಸಾರಾ

ಅವರ ಮೊದಲ ಹೆಸರು ಸಾರಾ ಬ್ರೀಡ್‌ಲವ್. ಹುಟ್ಟಿದ್ದು 1867ರ ಡಿಸೆಂಬರ್ 23ರಂದು, ಲೂಯಿಸಿಯಾನಾ ರಾಜ್ಯದ ಡೆಲ್ಟಾ ಎಂಬ ಊರಿನಲ್ಲಿ. ತಂದೆ ತಾಯಿ ಹತ್ತಿ ತೋಟದಲ್ಲಿ ಗುಲಾಮರಾಗಿ ದುಡಿದವರು. 1865ರಲ್ಲಿ ಅಮೆರಿಕದಲ್ಲಿ ಗುಲಾಮಗಿರಿ ಕೊನೆಗೊಂಡ ಮೇಲೆ ಹುಟ್ಟಿದ ಸಾರಾ, ಆ ಮನೆಯಲ್ಲಿ ಸ್ವತಂತ್ರಳಾಗಿ ಹುಟ್ಟಿದ ಮೊದಲ ಮಗು.

ಏಳು ವರ್ಷಕ್ಕೆ ಅಪ್ಪ ಅಮ್ಮ ಇಬ್ಬರೂ ಇಲ್ಲವಾದರು. ಆಮೇಲೆ ಅಕ್ಕನ ಜೊತೆ ನದಿಯಾಚೆಯ ವಿಕ್ಸ್‌ಬರ್ಗ್ ಪಟ್ಟಣದಲ್ಲಿ ಮನೆಗೆಲಸ. 14ಕ್ಕೆ ಮದುವೆ, 17ಕ್ಕೆ ಮಗಳು ಲೀಲಿಯಾ. 20 ತುಂಬುವಷ್ಟರಲ್ಲಿ ಗಂಡನೂ ತೀರಿಕೊಂಡರು. ಕೈಗೂಸನ್ನು ಕಟ್ಟಿಕೊಂಡು ಸಾರಾ ಸೇಂಟ್ ಲೂಯಿಸ್ ನಗರಕ್ಕೆ ಹೋದರು. ಅಲ್ಲಿ ಅವರ ಅಣ್ಣಂದಿರು ಕ್ಷೌರದ ಕೆಲಸ ಮಾಡುತ್ತಿದ್ದರು.

ಸಾರಾ ಅವರಿಗೆ ಸಿಕ್ಕಿದ್ದು ಬೇರೆಯವರ ಬಟ್ಟೆ ಒಗೆಯುವ ಕೆಲಸ. ಬಿಸಿನೀರಿನ ಹಬೆ, ಖಾರವಾದ ಸೋಪು, ದಿನವಿಡೀ ಬಗ್ಗಿದ ಬೆನ್ನು. ಕೂಲಿ ದಿನಕ್ಕೆ ಒಂದು ಡಾಲರ್‌ಗಿಂತ ತುಸು ಹೆಚ್ಚು. ಆ ದುಡ್ಡಿನಲ್ಲೇ ಉಳಿಸಿ ಮಗಳನ್ನು ಓದಿಸಿದರು, ಮುಂದೆ ಕಾಲೇಜಿಗೂ ಕಳಿಸಿದರು. ಈ ವರ್ಷಗಳಲ್ಲೇ ಅವರ ತಲೆಗೂದಲು ಹಿಡಿ ಹಿಡಿಯಾಗಿ ಉದುರತೊಡಗಿತು.

ಕೂದಲು ಉದುರಿದ್ದು ಏಕೆ?

ಈ ತೊಂದರೆ ಸಾರಾ ಒಬ್ಬರದಲ್ಲ. ಆಗಿನ ಅನೇಕ ಬಡ ಹೆಣ್ಣುಮಕ್ಕಳದ್ದು. ಬಹಳ ಮನೆಗಳಲ್ಲಿ ನಲ್ಲಿ ನೀರಿರಲಿಲ್ಲ. ತಲೆ ತೊಳೆಯುವುದು ತಿಂಗಳಿಗೊಮ್ಮೆ, ಚಳಿಗಾಲದಲ್ಲಿ ಇನ್ನೂ ಅಪರೂಪ. ತೊಳೆದರೂ ಬಟ್ಟೆ ಸೋಪಿನಂಥ ಕ್ಷಾರ ಸೋಪಿನಲ್ಲಿ.

ಇದರಿಂದ ಏನಾಗುತ್ತದೆ? ನಮ್ಮ ನೆತ್ತಿಯ ಚರ್ಮದಲ್ಲಿ, ಪ್ರತಿ ಕೂದಲಿನ ಬುಡದ ಪಕ್ಕ, ಸೀಬಮ್ ಎಂಬ ಜಿಡ್ಡನ್ನು ಸುರಿಸುವ ಪುಟ್ಟ ಗ್ರಂಥಿಗಳಿವೆ. ಈ ಜಿಡ್ಡನ್ನೇ ತಿಂದು ಬದುಕುವ ಮಲಾಸೀಜಿಯಾ ಎಂಬ ಸೂಕ್ಷ್ಮ ಶಿಲೀಂಧ್ರ ನಮ್ಮೆಲ್ಲರ ತಲೆಯ ಮೇಲೂ ಇದೆ. ವಾರಗಟ್ಟಲೆ ತೊಳೆಯದಿದ್ದರೆ ಜಿಡ್ಡು, ಬೆವರು, ಸತ್ತ ಚರ್ಮ ಸೇರಿಕೊಳ್ಳುತ್ತವೆ. ಶಿಲೀಂಧ್ರ ಹೆಚ್ಚಿ ಕೆಲವರಿಗೆ ನವೆ, ಹೊಟ್ಟು, ಉರಿ ಕಾಣಿಸುತ್ತದೆ. ಉರಿ ಜೋರಾಗಿ ಕೆರೆತ ಹೆಚ್ಚಿದರೆ ಕೂದಲೂ ಉದುರಬಹುದು.

ಇನ್ನೊಂದು ಕಡೆ ಕ್ಷಾರ ಸೋಪು. ನಮ್ಮ ಚರ್ಮ ಸ್ವಲ್ಪ ಆಮ್ಲೀಯ ಗುಣದ್ದು. ಕ್ಷಾರ ತಾಗಿದರೆ ಕೂದಲಿನ ಮೇಲಿರುವ, ಮೀನಿನ ಪೊರೆಯಂಥ ಪದರ ಏಳುತ್ತದೆ. ಕೂದಲು ಒರಟಾಗಿ, ಸಿಕ್ಕಾಗಿ, ತುಂಡಾಗುತ್ತದೆ. ಅದರಲ್ಲೂ ಗುಂಗುರು ಕೂದಲಿನಲ್ಲಿ ನೆತ್ತಿಯ ಜಿಡ್ಡು ಸುರುಳಿ ಸುತ್ತಿ ತುದಿಯವರೆಗೆ ಇಳಿಯುವುದು ಕಷ್ಟ. ಹಾಗಾಗಿ ಅವರ ನೆತ್ತಿ ಜಿಡ್ಡಾಗಿದ್ದಾಗಲೂ ತುದಿ ಒಣಗಿಯೇ ಇರುತ್ತಿತ್ತು.

ಜಿಡ್ಡು ನೆತ್ತಿಯದು, ಒಣಗುವುದು ಹೆಚ್ಚಾಗಿ ಎಳೆಯದು. ಒಂದೇ ತಲೆಯಲ್ಲಿ ಎರಡೂ ಇರಬಹುದು. ಇದನ್ನು ಇಲ್ಲೇ ನೆನಪಿಟ್ಟುಕೊಳ್ಳೋಣ.

ಡಬ್ಬಿಯೊಳಗೆ ಏನಿತ್ತು?

ಕೂದಲು ಉದುರುವ ತೊಂದರೆಗೆ ಸಾರಾ ಸಿಕ್ಕ ಸಿಕ್ಕ ಔಷಧಿಗಳನ್ನು ಹಚ್ಚಿ ನೋಡಿದರು. ಆ್ಯನಿ ಟರ್ನ್‌ಬೋ ಎಂಬ ಇನ್ನೊಬ್ಬ ಕಪ್ಪು ಮಹಿಳೆ ಆಗಲೇ ಕೂದಲಿನ ಮುಲಾಮು ಮಾರುತ್ತಿದ್ದರು. ಸಾರಾ ಕೆಲಕಾಲ ಅವರ ಏಜೆಂಟ್ ಆಗಿದ್ದರು. 1905ರಲ್ಲಿ ಡೆನ್ವರ್ ನಗರಕ್ಕೆ ಹೋದರು. ಮರುವರ್ಷ ಚಾರ್ಲ್ಸ್ ಜೋಸೆಫ್ ವಾಕರ್ ಅವರನ್ನು ಮದುವೆಯಾಗಿ ‘ಮೇಡಮ್ ಸಿ.ಜೆ. ವಾಕರ್’ ಎಂಬ ಹೆಸರಿನಲ್ಲಿ ತಮ್ಮದೇ ಮುಲಾಮು ಮಾರಲು ತೊಡಗಿದರು. ಟರ್ನ್‌ಬೋ ಇದನ್ನು ನಕಲು ಎಂದು ದೂರಿದರು. ವಾಕರ್ ಮಾತ್ರ, ಕನಸಿನಲ್ಲಿ ಬಂದ ಒಬ್ಬ ಆಫ್ರಿಕನ್ ವ್ಯಕ್ತಿ ಈ ಪಾಕವನ್ನು ಹೇಳಿಕೊಟ್ಟರು ಎಂದು ಹೇಳುತ್ತಿದ್ದರು.

ಕನಸಿನ ಕಥೆ ಮಾರಾಟಕ್ಕೆ ಚೆನ್ನಾಗಿತ್ತು. ಡಬ್ಬಿಯೊಳಗಿದ್ದದ್ದು ಮಾತ್ರ ಪೆಟ್ರೋಲಿಯಂ ಜೆಲ್ಲಿ, ಗಂಧಕ, ಜೇನುಮೇಣ, ತೆಂಗಿನೆಣ್ಣೆ, ಮೈಲುತುತ್ತ, ಕಾರ್ಬಾಲಿಕ್ ಆಮ್ಲದಂಥ ವಸ್ತುಗಳು. ಜೊತೆಗೆ ಗಂಧಕದ ವಾಸನೆ ಮುಚ್ಚಲು ಸುಗಂಧ. ಇವುಗಳಲ್ಲಿ ಹೊಸ ಕೂದಲು ಹುಟ್ಟಿಸುವಂಥದ್ದು ಏನೂ ಇಲ್ಲ. ಗಂಧಕ ಶಿಲೀಂಧ್ರವನ್ನು ತಗ್ಗಿಸುತ್ತದೆ, ಹೊಟ್ಟಿನ ಪದರವನ್ನು ಸಡಿಲಿಸುತ್ತದೆ. ಇಂದಿಗೂ ಕೆಲವು ಹೊಟ್ಟಿನ ಔಷಧಿಗಳಲ್ಲಿ ಅದು ಇದೆ. ಜೆಲ್ಲಿ ಮತ್ತು ಮೇಣ ಚರ್ಮದ ತೇವ ಆರದಂತೆ ತಡೆಯುತ್ತವೆ.

ಜೊತೆಗೆ ವಾಕರ್ ಒಂದು ಮುಖ್ಯವಾದ ಮಾತನ್ನು ಬಿಡದೆ ಹೇಳಿದರು: ತಲೆಯನ್ನು ಆಗಾಗ ತೊಳೆಯಿರಿ. ನೆತ್ತಿ ಶುದ್ಧವಾಯಿತು, ಹುಣ್ಣು ಮಾಯಿತು, ಕೆರೆತ ನಿಂತಿತು. ಬುಡ ಜೀವಂತವಾಗಿದ್ದ ಕಡೆ ಕೂದಲು ತನ್ನಷ್ಟಕ್ಕೆ ತಾನೇ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್‌ನಂತೆ, ಮತ್ತೆ ಬಂತು. ಮುಲಾಮು ಮಾಡಿದ್ದು ಅಡ್ಡಿ ತೆಗೆಯುವ ಕೆಲಸ.

ಒಂದು ಎಚ್ಚರಿಕೆ: ಈ ಪಟ್ಟಿ ನೋಡಿ ಯಾರೂ ಮನೆಯಲ್ಲಿ ಮಿಶ್ರಣ ಮಾಡಲು ಹೋಗಬೇಡಿ. ಕಾರ್ಬಾಲಿಕ್ ಆಮ್ಲ ಚರ್ಮವನ್ನು ಸುಡುತ್ತದೆ, ಮೈಲುತುತ್ತ ವಿಷಕಾರಿ.

ಒಗೆಯುವ ತೊಟ್ಟಿಯಿಂದ ಸ್ವಂತ ಕಾರ್ಖಾನೆಗೆ

ವಾಕರ್ ಮನೆ ಮನೆಗೆ, ಚರ್ಚು ಚರ್ಚಿಗೆ ಹೋಗಿ ಮುಲಾಮು ಹಚ್ಚಿ ತೋರಿಸಿದರು. 1908ರಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಮಗಳ ಹೆಸರಿನಲ್ಲಿ ತರಬೇತಿ ಶಾಲೆ ತೆರೆದರು. 1910ರಲ್ಲಿ ಇಂಡಿಯಾನಾಪೊಲಿಸ್‌ಗೆ ಹೋಗಿ ಕಾರ್ಖಾನೆ ಕಟ್ಟಿದರು. 1912ರಲ್ಲಿ ಕಪ್ಪು ವ್ಯಾಪಾರಿಗಳ ರಾಷ್ಟ್ರೀಯ ಸಮ್ಮೇಳನದಲ್ಲಿ ಅಧ್ಯಕ್ಷ ಬುಕರ್ ಟಿ. ವಾಷಿಂಗ್ಟನ್ ಮಾತಾಡಲು ಅವಕಾಶ ಕೊಡದಿದ್ದಾಗ, ಸಭೆಯ ನಡುವೆ ಎದ್ದು ನಿಂತು ತಮ್ಮ ಕಥೆ ಹೇಳಿದರು. ಮುಂದಿನ ವರ್ಷ ಅದೇ ಸಮ್ಮೇಳನಕ್ಕೆ ಆಹ್ವಾನಿತ ಭಾಷಣಕಾರರಾಗಿ ಹೋದರು.

ಅವರು ತರಬೇತಿ ಕೊಟ್ಟ ಸಾವಿರಾರು ಏಜೆಂಟರಲ್ಲಿ ಹೆಚ್ಚಿನವರು ಹಿಂದೆ ಬಟ್ಟೆ ಒಗೆಯುತ್ತಿದ್ದ, ಅಡುಗೆ ಮಾಡುತ್ತಿದ್ದ ಹೆಣ್ಣುಮಕ್ಕಳು. ಅವರಿಗೆ ಮೊದಲ ಬಾರಿಗೆ ಸ್ವಂತ ಸಂಪಾದನೆಯ ದಾರಿ ಸಿಕ್ಕಿತು. 1917ರಲ್ಲಿ ವಾಕರ್ ಫಿಲಡೆಲ್ಫಿಯಾದಲ್ಲಿ ಈ ಏಜೆಂಟರ ಸಮಾವೇಶ ನಡೆಸಿದರು. ಅದೇ ವರ್ಷ, ಕಪ್ಪು ಜನರನ್ನು ಗುಂಪುಗಳು ಹೊಡೆದು ಕೊಲ್ಲುತ್ತಿದ್ದುದರ ವಿರುದ್ಧ ಅಹವಾಲು ಕೊಡಲು ಶ್ವೇತಭವನಕ್ಕೆ ಹೋದ ನಿಯೋಗದಲ್ಲೂ ಇದ್ದರು. ರಕ್ತದೊತ್ತಡ ಮತ್ತು ಮೂತ್ರಪಿಂಡದ ಕಾಯಿಲೆಯಿಂದ 1919ರ ಮೇ 25ರಂದು, 51ನೇ ವಯಸ್ಸಿನಲ್ಲಿ ತೀರಿಕೊಂಡರು.

ಅವರ ಬಗ್ಗೆ ಹರಿದಾಡುವ ತಪ್ಪುಗಳು

ಬಿಸಿ ಬಾಚಣಿಗೆಯನ್ನು ಕಂಡುಹಿಡಿದವರು ಅವರೇ ಎಂಬುದು ತಪ್ಪು. ಅದು ಅವರಿಗಿಂತ ಮೊದಲೇ ಯುರೋಪಿನಲ್ಲಿತ್ತು. ಅವರು ಅದನ್ನು ತಮ್ಮ ವಿಧಾನದಲ್ಲಿ ಬಳಸಿದರು, ಅಷ್ಟೆ. ಕೂದಲು ನೇರ ಮಾಡುವವರು ಎಂದು ಕರೆಸಿಕೊಳ್ಳುವುದು ಅವರಿಗೆ ಹಿಡಿಸುತ್ತಿರಲಿಲ್ಲ. ನೆತ್ತಿಯ ಆರೋಗ್ಯವೇ ತಮ್ಮ ಕೆಲಸ ಎನ್ನುತ್ತಿದ್ದರು.

ಒಂದೇ ಡಬ್ಬಿಯಿಂದ ಎಲ್ಲ ಸರಿಹೋಯಿತು ಎಂಬುದೂ ತಪ್ಪು. ಅವರು ತೊಳೆಯಲು ಒಂದು ಶಾಂಪೂ, ನೆತ್ತಿಗೆ ಹೇರ್ ಗ್ರೋವರ್, ಚರ್ಮರೋಗಕ್ಕೆ ಬೇರೆ ಮುಲಾಮು, ಎಳೆಯ ಹೊಳಪಿಗೆ ‘ಗ್ಲಾಸೀನ್’ ಎಂಬ ಎಣ್ಣೆ ಹೀಗೆ ಬೇರೆ ಬೇರೆ ಮಾರುತ್ತಿದ್ದರು. ಹೇರ್ ಗ್ರೋವರ್ ಎಂಬ ಹೆಸರು ದೊಡ್ಡದಾಗಿತ್ತು, ನಿಜ. ಆದರೆ ಯಾವ ತೊಂದರೆಗೆ ಯಾವುದು ಎಂಬ ಅವರ ಲೆಕ್ಕ ಸರಿಯಾಗಿತ್ತು.

ಹಾಗಾದರೆ ನಮ್ಮ ತಲೆಗೆ ಯಾವುದು?

ತಲೆ ತೊಳೆದ ಮರುದಿನ ಕೂದಲಿನ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿ. ಆಮೇಲೆ ತುದಿಯನ್ನು ಮುಟ್ಟಿ ನೋಡಿ.

• ಬುಡ ಜಿಡ್ಡಾಗಿದ್ದರೆ: ಜಿಡ್ಡು ತೆಗೆಯುವ ಶಾಂಪೂ ಸಾಕು. ಬೇಕೆನಿಸಿದಷ್ಟು ಸಲ, ದಿನ ಬಿಟ್ಟು ದಿನವೂ ತೊಳೆಯಬಹುದು. ಹೆಚ್ಚು ತೊಳೆದರೆ ಜಿಡ್ಡು ಹೆಚ್ಚುತ್ತದೆ ಎಂಬ ಮಾತಿಗೆ ಆಧಾರವಿಲ್ಲ. ಜಿಡ್ಡಿನ ಗ್ರಂಥಿಗಳು ಮುಖ್ಯವಾಗಿ ಹಾರ್ಮೋನಿನ ಮಾತು ಕೇಳುತ್ತವೆ. ಕಂಡೀಷನರ್ ಅನ್ನು ತುದಿಗೆ ಮಾತ್ರ ಹಚ್ಚಿ.

• ಬುಡವೂ ತುದಿಯೂ ಒಣಗಿದ್ದರೆ: ಮೃದುವಾದ ಶಾಂಪೂ, ಕಡಿಮೆ ಸಲ. ಪ್ರತಿ ಸಲವೂ ಕಂಡೀಷನರ್. ಸ್ನಾನಕ್ಕೆ ಮುಂಚೆ ಎಳೆಗಳಿಗೆ ತೆಂಗಿನೆಣ್ಣೆ ಸವರಿದರೆ ತೊಳೆಯುವಾಗ ಕೂದಲಿಗೆ ಆಗುವ ಹಾನಿ ಕಡಿಮೆ.

• ಬುಡ ಜಿಡ್ಡು, ತುದಿ ಒಣ: ಬಹಳ ಜನರ ತಲೆ ಹೀಗೇ ಇರುತ್ತದೆ. ಶಾಂಪೂವನ್ನು ನೆತ್ತಿಗಷ್ಟೇ ತಿಕ್ಕಿ. ನೊರೆ ಇಳಿಯುವಾಗ ತುದಿಗೆ ಅಷ್ಟೇ ಸಾಕು. ಕಂಡೀಷನರ್ ತುದಿಗೆ.

• ಹೊಟ್ಟು, ನವೆ ಇದ್ದರೆ: ಹೊಟ್ಟು ಬಂತೆಂದರೆ ತಲೆ ಒಣಗಿದೆ ಎಂದುಕೊಂಡು ರಾತ್ರಿಯಿಡೀ ಎಣ್ಣೆ ಹಚ್ಚಿ ಬಿಡುವವರಿದ್ದಾರೆ. ಅದರಿಂದ ಅನೇಕರಿಗೆ ತೊಂದರೆ ಹೆಚ್ಚುತ್ತದೆ. ಕೀಟೋಕೊನಜೋಲ್‌ನಂಥ ಔಷಧಿ ಇರುವ ಶಾಂಪೂ ಹಚ್ಚಿ, ಕೆಲವು ನಿಮಿಷ ಬಿಟ್ಟು ತೊಳೆಯಿರಿ.

• ನೀರು ಗಡಸಾಗಿದ್ದರೆ: ಬೋರ್‌ವೆಲ್ ನೀರಿನಲ್ಲಿ ಸೋಪು ಹಚ್ಚಿದರೆ ಬಿಳಿ ಗಸಿ ಕೂದಲಿಗೆ ಮೆತ್ತಿಕೊಳ್ಳುತ್ತದೆ. ಮೈ ಸೋಪು ತಲೆಗೆ ಬೇಡ. ಶಾಂಪೂವೇ ಒಳ್ಳೆಯದು.

ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಆದರೆ ದುಂಡಗೆ ಬೋಳು ಬಿದ್ದರೆ, ಕೀವು ಬಂದರೆ, ಇದ್ದಕ್ಕಿದ್ದಂತೆ ಹಿಡಿ ಹಿಡಿಯಾಗಿ ಉದುರಿದರೆ ಬಾಟಲಿ ಹುಡುಕಬೇಡಿ. ಚರ್ಮವೈದ್ಯರನ್ನು ನೋಡಿ. ಕಾರಣ ರಕ್ತಹೀನತೆ, ಥೈರಾಯ್ಡ್, ಇತ್ತೀಚಿನ ಜ್ವರ ಅಥವಾ ಹೆರಿಗೆಯೂ ಆಗಿರಬಹುದು. ಇವಕ್ಕೆ ಯಾವ ಎಣ್ಣೆಯೂ ಮದ್ದಲ್ಲ.

ಮುಂದಿನ ಸಲ ಉದ್ದ ಜಡೆಯ ಫೋಟೋ ನಿಮ್ಮ ಫೋನಿಗೆ ಬಂದಾಗ ಮೂರು ಪ್ರಶ್ನೆ ಕೇಳಿಕೊಳ್ಳಿ. ಇದು ತೊಳೆಯುವುದೇ, ಎಳೆಗೆ ಸವರುವುದೇ, ನೆತ್ತಿಯ ಕಾಯಿಲೆ ವಾಸಿ ಮಾಡುವುದೇ? ಒಳಗೆ ಏನಿದೆ ಎಂದು ಬರೆದಿದ್ದಾರೆಯೇ? ಫೋಟೋದಲ್ಲಿರುವವರ ತೊಂದರೆಯೂ ನನ್ನ ತೊಂದರೆಯೂ ಒಂದೇನಾ? ಉತ್ತರ ಸಿಗದಿದ್ದರೆ ಅದನ್ನು ಮುಂದಕ್ಕೆ ಕಳಿಸಬೇಡಿ. ನಿಮ್ಮ ಗುಂಪಿನಲ್ಲೂ ತಲೆ ನವೆಯಿಂದ ಒದ್ದಾಡುತ್ತಿರುವ ಯಾರೋ ಅದನ್ನು ನಂಬಿ ದುಡ್ಡು ಕೊಡಬಹುದು.