ಪುಸ್ತಕದ ಗಂಟು ಹೊತ್ತ ಗಳಗನಾಥರು

ಊರಲ್ಲಿ ನಾಟಕ ಆಡಬೇಕಾದರೆ ಮನೆಮನೆಗೂ ಹೋಗಿ ಚಂದಾ ಎತ್ತುತ್ತಾರೆ. ಅದು ಊರಿನ ಕೆಲಸ, ಕೊಟ್ಟವರೂ ಕೂತು ನೋಡುತ್ತಾರೆ. ಆದರೆ ಒಬ್ಬರೇ ಬರೆದ ಪುಸ್ತಕ ಅಚ್ಚಾಗಬೇಕಾದರೆ ದುಡ್ಡು ಯಾರನ್ನ ಕೇಳೋದು? ಇದಕ್ಕೆ ಗಳಗನಾಥರು ಬದುಕಿನಲ್ಲೇ ಉತ್ತರ ಕೊಟ್ಟರು.

ಅವರ ನಿಜವಾದ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಹುಟ್ಟಿದ್ದು 1869ರಲ್ಲಿ, ಈಗಿನ ಹಾವೇರಿ ಜಿಲ್ಲೆಯ ಗಳಗನಾಥದಲ್ಲಿ. ವರದಾ ನದಿ ತುಂಗಭದ್ರೆಯನ್ನು ಸೇರುವುದು ಅಲ್ಲೇ. ಊರಿನ ಹೆಸರೇ ಅವರ ಹೆಸರಾಯಿತು. ಮೊದಲು ಶಾಲೆಯಲ್ಲಿ ಮೇಷ್ಟ್ರಾಗಿದ್ದರು. ಆಗ ಆ ಕಡೆ ಮರಾಠಿಯದೇ ಜೋರು. ಕನ್ನಡ ಪುಸ್ತಕ ಕೊಂಡು ಓದುವವರು ಕಡಿಮೆ. ಆದರೂ ಅವರು ಕಾದಂಬರಿಗಳನ್ನು ಬರೆದರು, ‘ಸದ್ಬೋಧ ಚಂದ್ರಿಕೆ’ ಎಂಬ ಮಾಸಪತ್ರಿಕೆ ನಡೆಸಿದರು. ವಿಜಯನಗರ ಹುಟ್ಟಿದ ಕಾಲದ ಕಥೆ ‘ಮಾಧವ ಕರುಣಾ ವಿಲಾಸ’ ಅವರದೇ.

ಬರೆದರೆ ಸಾಕೆ? ಮಾರಬೇಕಲ್ಲ! ಗಳಗನಾಥರು ಪುಸ್ತಕದ ಗಂಟನ್ನು ತಲೆ ಮೇಲೆ ಹೊತ್ತು ಊರೂರು ತಿರುಗಿದರು. ಬರಿಗೈ ಚಾಚಲಿಲ್ಲ, ಪುಸ್ತಕ ಕೊಟ್ಟು ಬೆಲೆ ತಗೊಂಡರು. ಹಾಗಾಗಿ ಕಾಸು ಕೊಟ್ಟವನು ದಾನಿಯಾಗಲಿಲ್ಲ, ಓದುಗನಾದ.

ಇದು ಸುಲಭದ ದಾರಿಯಲ್ಲ. ಇಷ್ಟು ದುಡಿದರೂ ಅವರು ಸಿರಿವಂತರಾಗಲಿಲ್ಲ. 1942ರಲ್ಲಿ ತೀರಿಕೊಂಡರು. ಆದರೆ ಕನ್ನಡಕ್ಕೆ ಓದುಗರನ್ನು ಗಳಿಸಿಕೊಟ್ಟು ಹೋದರು. ಅದಕ್ಕೇ ಅವರನ್ನು ಕನ್ನಡ ಕಾದಂಬರಿಯ ಪಿತಾಮಹ ಅಂತಾರೆ.

ಚಂದಾ ಕೇಳೋದು ತಪ್ಪಲ್ಲ. ಆದರೆ ನಮ್ಮ ಸ್ವಂತ ಆಸೆಗೆ ಇನ್ನೊಬ್ಬರ ಜೇಬು ನೋಡುವ ಮುಂಚೆ, ಕೊಡೋಕೆ ನಮ್ಮ ಕೈಲಿ ಏನಿದೆ ಅಂತ ನೋಡಿಕೊಳ್ಳೋಣ.